ದೀಪ ಇಳಿಸಿದ ಬಾವಿ

ಗೌನಿಪಲ್ಲಿ, ತೋಟದ ಮನೆ
9 ಫೆಬ್ರವರಿ 2024

ಹಜೀರಾಳಿಗೆ ಗಂಗರತ್ನಮ್ಮನ ಆಶೀರ್ವಾದಗಳು.

ಹೆಸರು ನೋಡಿದ ಕೂಡಲೇ ಹರಿದು ಹಾಕಬೇಡ. ಹಾಕುವುದಾದರೂ ಓದಿ ಹಾಕು. ಪಂಚಾಯಿತಿಯವರು ನಿನ್ನ ಫೋನ್ ನಂಬರನ್ನೂ ಕೊಟ್ಟಿದ್ದಾರೆ. ಮೂರು ಸಲ ಒತ್ತಿದೆ, ಮೂರು ಸಲವೂ ರಿಂಗಾಗುವ ಮುಂಚೆ ಕಟ್ ಮಾಡಿದೆ. ಊರಿನಲ್ಲಿ ಎಲ್ಲರ ಬಾಯಿ ಮುಚ್ಚಿಸುವ ಐವತ್ತೆಂಟು ವರ್ಷದ ಹೆಂಗಸು ಒಂದು ಫೋನಿಗೆ ಹೆದರಿದಳು ಅಂತ ನಗಬೇಡ.

ವಿಷಯಕ್ಕೆ ಬರುತ್ತೇನೆ. ನಮ್ಮ ಮಾವಿನ ತೋಟದ ಎರಡು ಬೋರುಗಳೂ ಕೈಕೊಟ್ಟಿವೆ. ಒಂದು ಪೂರ್ತಿ ನಿಂತಿತು. ಇನ್ನೊಂದು ಸಾವಿರದ ಮುನ್ನೂರು ಅಡಿಯದು. ಹತ್ತು ನಿಮಿಷ ನೀರು ಕೊಟ್ಟು ಅರ್ಧ ಗಂಟೆ ಕೆಮ್ಮುತ್ತದೆ. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಮೊಮ್ಮಗಳು ಶಿವಾನಿಗೆ ಹನ್ನೊಂದು ವರ್ಷ, ಆಗಲೇ ಹಲ್ಲಿನ ಮೇಲೆಲ್ಲ ಕಂದು ಗೆರೆ. ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ. ಮಗ ನಂದೀಶ್ ಮೂರನೇ ಬೋರು ಕೊರೆಸುತ್ತೇನೆ ಅಂತ ಕುಣಿಯುತ್ತಿದ್ದಾನೆ. "ಪಾತಾಳಕ್ಕೋಗಿ ಯಾರನ್ನ ಕೇಳ್ತೀಯೋ ನೀರು, ಬಲಿ ಚಕ್ರವರ್ತೀನಾ?" ಅಂದೆ. ಎರಡು ದಿನ ಮಾತು ಬಿಟ್ಟ.

ಪಂಚಾಯಿತಿಗೆ ಬಂದ ಇಂಜಿನಿಯರ್ ಹುಡುಗಿ ತೋಟ ಎಲ್ಲ ಸುತ್ತಿ ನೋಡಿದಳು. "ಬೋರ್ ಬೇಡ ಅಜ್ಜಿ. ಮಾಳಿಗೆ ನೀರು, ಇಳಿಜಾರಿನ ನೀರು ಸೋಸಿ ನಿಮ್ಮ ಹಳೇ ಕಪಿಲೆ ಬಾವಿಗೇ ಬಿಡಿ, ಭೂಮಿ ಕುಡೀಲಿ" ಅಂದಳು. ಆ ಕೆಲಸ ಮಾಡುವವರ ಪಟ್ಟಿ ಕೊಟ್ಟಳು. ಮೊದಲ ಹೆಸರೇ ನಿನ್ನದು. ಹಜೀರಾ, ಲಕ್ಕೂರು, ಮಳೆನೀರು ಮತ್ತು ಬಾವಿ ಶುದ್ಧಿ.

ಯಾವ ಬಾವಿ ಅಂತ ನಿನಗೆ ಹೇಳಬೇಕಾಗಿಲ್ಲ. ಹದಿನೈದು ವರ್ಷದ ಹಿಂದೆ ಹೂಳು ತೆಗೆಯಲು ಇಳಿದ ನಿನ್ನ ಅಣ್ಣ ಅತೀಕ್ ಮತ್ತೆ ಹತ್ತಿ ಬರದ ಬಾವಿ. ಆದ ವಾರಕ್ಕೇ ನಮ್ಮ ಯಜಮಾನರು ಎಂಟು ಕಲ್ಲುಚಪ್ಪಡಿ ತರಿಸಿ ಮುಚ್ಚಿಸಿದರು. ಅವರೂ ಹೋಗಿ ಮೂರು ವರ್ಷವಾಯಿತು.

ಬೇರೆ ಯಾರ ಕೈಯಲ್ಲೂ ಆ ಚಪ್ಪಡಿ ಎತ್ತಿಸಲು ನನಗೆ ಮನಸ್ಸಿಲ್ಲ. ನೀನು ಬೇಡ ಅಂದರೆ ಮುಚ್ಚಿಯೇ ಇರಲಿ. ನಿಮ್ಮ ತಂದೆ ಮೊಹಿದ್ದೀನ್ ಮೇಸ್ತ್ರಿ ಹೇಗಿದ್ದಾರೆ?

ಇತಿ,
ಗಂಗರತ್ನಮ್ಮ

ಲಕ್ಕೂರು
27 ಫೆಬ್ರವರಿ 2024

ಗಂಗರತ್ನಮ್ಮನವರಿಗೆ,

ನಿಮ್ಮ ಕಾಗದ ಹರಿಯಲಿಲ್ಲ. ಆದರೆ ಆ ಬಾವಿಗೆ ನಾನು ಬರುವುದಿಲ್ಲ.

ಕೆಲಸ ಕೇಳಿದ್ದೀರಿ, ಕೆಲಸದ ಮಾತು ಹೇಳುತ್ತೇನೆ. ಯಾರಿಂದ ಬೇಕಾದರೂ ಮಾಡಿಸಿಕೊಳ್ಳಿ. ಬಾವಿಯಿಂದ ಹತ್ತಡಿ ದೂರದಲ್ಲಿ ಸೋಸುವ ತೊಟ್ಟಿ ಕಟ್ಟಿಸಿ. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಇದ್ದಿಲು, ಮೇಲೆ ಮರಳು. ಮಾಳಿಗೆಯ ಮೊದಲ ಮಳೆ ನೀರು ಬಾವಿಗೆ ಬಿಡಬೇಡಿ, ಅದರಲ್ಲಿ ಧೂಳು, ಹಕ್ಕಿ ಹಿಕ್ಕೆ ಎಲ್ಲ ಇರುತ್ತದೆ. ಬೇರೆ ಕಡೆಗೆ ತಿರುಗಿಸಿ. ತೋಟಕ್ಕೆ ಔಷಧಿ ಹೊಡೆಯುವ ಕಡೆಯ ನೀರು ಬಾವಿಯ ಹತ್ತಿರಕ್ಕೂ ಬರಬಾರದು. ಇಳಿಜಾರಿಗೆ ಅಡ್ಡವಾಗಿ ಬದು ಹಾಕಿ, ಗಿಡದ ಸಾಲಿನ ನಡುವೆ ಇಂಗುಗುಂಡಿ ತೆಗೆಸಿ. ಒಂದು ಮಳೆಗೆ ಏನೂ ಕಾಣುವುದಿಲ್ಲ. ಮೂರು ವರ್ಷ ತಾಳಿಕೊಳ್ಳಿ. ನಿಮ್ಮ ಮಗನಿಗೆ ಹೇಳಿ, ಬೋರು ಭೂಮಿಯಿಂದ ಕೀಳುವುದು, ಬಾವಿ ಭೂಮಿಗೆ ಕೊಡುವುದು.

ಅಬ್ಬಾ ಇದ್ದಾರೆ. ಎಪ್ಪತ್ತಾರು ವರ್ಷ. ಮುಳಬಾಗಿಲಿನ ಮನೆ ಬಿಟ್ಟು ನನ್ನ ಜೊತೆಗೇ ಇದ್ದಾರೆ. ಮಾತು ಕಡಿಮೆ.

ನನಗೆ ನಿಮ್ಮಿಂದ ಒಂದು ಉತ್ತರ ಬೇಕು. ಬಾವಿಗೆ ಇಳಿಯುವ ಮುಂಚೆ ಮಂಕರಿ ಬುಟ್ಟಿಯಲ್ಲಿ ಹಚ್ಚಿದ ದೀಪ ಇಟ್ಟು ಹಗ್ಗದಲ್ಲಿ ತಳದವರೆಗೆ ಇಳಿಸುವುದು ನಮ್ಮ ಮನೆಯ ಕಟ್ಟಳೆ. ದೀಪ ಆರಿದರೆ ಕೆಳಗೆ ಕೆಟ್ಟ ಗಾಳಿ, ಯಾರೂ ಇಳಿಯಬಾರದು. ಉರಿದರೆ ಇಳಿಯಬಹುದು. ಆ ದಿನ ದೀಪ ಇಳಿಸಿದವಳು ನಾನು. "ದೀಪ ಉರೀತೈತೆ, ಇಳಿ ಭಾಯಿ" ಅಂದವಳೂ ನಾನೇ. ಆಗ ನನಗೆ ಹತ್ತೊಂಬತ್ತು. ಮೇಲೆ ಎಳೆಯುವಾಗ ಮಂಕರಿ ಗೋಡೆಗೆ ತಗುಲಿತು, ಕೈಗೆ ಬಂದಾಗ ದೀಪ ಆರಿತ್ತು. ಗೋಡೆಗೆ ತಗುಲಿದ್ದಕ್ಕೆ ಆರಿತು ಅಂದುಕೊಂಡೆ.

ಮಣ್ಣು ಮಾಡಿ ಬಂದ ದಿನ ಅಬ್ಬಾ ನನ್ನನ್ನು ಒಂದೇ ಮಾತು ಕೇಳಿದರು. "ದೀಪ ಸರಿಯಾಗಿ ನೋಡಿದ್ಯಾ?" ನೋಡಿದೆ ಅಂದೆ. ಅವರು ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ. ನಾನು ಮಾತ್ರ ದಿನವೂ ನನ್ನನ್ನೇ ಕೇಳಿಕೊಂಡಿದ್ದೇನೆ. ತಳದಲ್ಲಿ ನಾನು ಕಂಡದ್ದು ದೀಪವೋ, ಕೆಸರಿನ ಮೇಲೆ ಬಿಸಿಲಿನ ಮಿನುಗೋ? ಮದುವೆಯ ಮಾತು ಬಂದಾಗಲೂ ಅದೇ. ಅಣ್ಣನ ಜೀವ ನೋಡಿಕೊಳ್ಳಲಾಗದವಳು ಇನ್ನೊಂದು ಮನೆ ಏನು ನೋಡಿಕೊಳ್ಳುತ್ತಾಳೆ ಅಂತ ಬೇಡ ಅಂದೆ.

ನೀವು ನನ್ನ ಪಕ್ಕದಲ್ಲೇ ನಿಂತು ಬಗ್ಗಿ ನೋಡುತ್ತಿದ್ದಿರಿ. ದೀಪ ಕೆಳಗೆ ಉರಿಯುತ್ತಿತ್ತಾ?

ಹಜೀರಾ

ಗೌನಿಪಲ್ಲಿ
31 ಮಾರ್ಚ್ 2024

ಹಜೀರಾ,

ನೀನು ಹೇಳಿದ ಹಾಗೇ ಬದು ಹಾಕಿಸುತ್ತಿದ್ದೇನೆ. ನಂದೀಶ್‌ಗೆ ನಿನ್ನ ಕಾಗದದ ಆ ಸಾಲು ಓದಿ ಹೇಳಿದೆ, ಕೀಳುವುದು ಕೊಡುವುದು ಅಂತ. "ಯಾರಮ್ಮ ಬರ್ದಿರೋದು, ಮೇಷ್ಟ್ರಾ?" ಅಂದ. ಮೇಸ್ತ್ರಿ ಕಣೋ, ಹೆಣ್ಣು ಮೇಸ್ತ್ರಿ ಅಂದೆ. ಗುದ್ದಲಿ ಹಿಡಿದುಕೊಂಡು ಗೊಣಗುತ್ತಾ ಹೋದ. ಈ ಸಲ ಹೂವು ಚೆನ್ನಾಗಿ ಬಂದಿತ್ತು, ಪಿಂದೆ ಕಚ್ಚುವ ಹೊತ್ತಿಗೆ ನೀರಿಲ್ಲದೆ ಅರ್ಧ ಉದುರಿತು. ಶಿವಾನಿ ಆ ಪಿಂದೆಗಳನ್ನೆಲ್ಲ ಆಯ್ದು ತಂದಳು. ಉಪ್ಪಿನಕಾಯಿಗೂ ಬಾರದಷ್ಟು ಚಿಕ್ಕವು.

ನೀನು ಕೇಳಿದ್ದಕ್ಕೆ ಉತ್ತರ. ದೀಪ ಉರಿಯುತ್ತಿತ್ತು. ತಳದಲ್ಲಿ, ಚೆನ್ನಾಗಿ ಉರಿಯುತ್ತಿತ್ತು. ಕಣ್ಣಾರೆ ನೋಡಿದ್ದೇನೆ. ನಮ್ಮ ಮನೆದೇವರ ಆಣೆ. ಮೇಲೆ ಎಳೆಯುವಾಗ ಗೋಡೆಗೆ ತಗುಲಿಯೇ ಆರಿದ್ದು.

ಇನ್ನೂ ಬರೆಯುವುದಿತ್ತು. ಒಲೆಯ ಮೇಲೆ ಹಾಲಿದೆ.

ಗಂಗರತ್ನಮ್ಮ

ಲಕ್ಕೂರು
12 ಏಪ್ರಿಲ್ 2024

ಗಂಗರತ್ನಮ್ಮನವರಿಗೆ,

ದೀಪ ಉರಿಯುತ್ತಿದ್ದರೆ ಭಾಯಿ ಯಾಕೆ ಸತ್ತ?

ತಳ ಮುಟ್ಟಿ "ಹೂಳು ಮೊಣಕಾಲುದ್ದ ಐತೆ ಅಬ್ಬಾ" ಅಂದ. ಆಮೇಲೆ ದನಿ ಇಲ್ಲ. ಬಿದ್ದ ಸದ್ದೂ ದೊಡ್ಡದಾಗಿರಲಿಲ್ಲ. ಅಬ್ಬಾ ಇಳಿಯಲು ಹೋದರೆ ನಿಮ್ಮ ಯಜಮಾನರು ಹಿಂದಿನಿಂದ ಸೊಂಟ ಹಿಡಿದು ಬಿಡಲೇ ಇಲ್ಲ. ಆ ಕೈಗಳ ಮೇಲೆ ನನಗೆ ಈಗಲೂ ದ್ವೇಷ ಇದೆ, ಅವರು ಸತ್ತಿದ್ದಾರೆ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ.

ಉರಿಯುವ ದೀಪದ ಪಕ್ಕ ಮನುಷ್ಯ ಉಸಿರುಕಟ್ಟಿ ಸಾಯುವುದಿಲ್ಲ. ನಮ್ಮ ಕಸುಬು ಹೇಳುವುದು ಇಷ್ಟೇ. ನೀವು ನನ್ನ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೀರಿ, ಇಲ್ಲವೇ ಇನ್ನೇನೋ ಮುಚ್ಚಿಡುತ್ತಿದ್ದೀರಿ. ಒಲೆಯ ಮೇಲಿನ ಹಾಲು ಇಷ್ಟು ಹೊತ್ತಿಗೆ ಕಾದಿರಬೇಕು. ಈಗ ಬರೆಯಿರಿ.

ಹಜೀರಾ

ಗೌನಿಪಲ್ಲಿ
2 ಜೂನ್ 2024

ಹಜೀರಾ, ತಾಯಿ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಶಿವಾನಿ ಕೈಯಲ್ಲಿ ಕೊಟ್ಟು ಈಗಲೇ ಡಬ್ಬಕ್ಕೆ ಹಾಕಿಸುತ್ತೇನೆ, ಇಲ್ಲದಿದ್ದರೆ ಇದನ್ನೂ ಹರಿಯುತ್ತೇನೆ.

ನೀವು ಬರುವ ದಿನ ಕೆಲಸ ಸುಲಭವಾಗಲಿ ಅಂತ ನಮ್ಮ ಯಜಮಾನರು ಬಾವಿಯಲ್ಲಿ ಉಳಿದಿದ್ದ ನೀರು ಖಾಲಿ ಮಾಡಲು ಹೊರಟರು. ನೀರು ತುಂಬಾ ಕೆಳಗಿತ್ತು, ಮೇಲೆ ಇಟ್ಟ ಪಂಪು ಎಳೆಯಲಿಲ್ಲ. ಕರೆಂಟೂ ಇರಲಿಲ್ಲ. ಪಕ್ಕದ ತೋಟದಿಂದ ಡೀಸೆಲ್ ಎಂಜಿನ್ ತಂದು, ಬಾವಿಯೊಳಗೆ ಮೋಟಾರು ಕೂರಿಸುತ್ತಿದ್ದ ಕಲ್ಲಿನ ಅಟ್ಟದ ಮೇಲೆ ಹಗ್ಗ ಕಟ್ಟಿ ಇಳಿಸಿದರು. ಬೆಳಕು ಹರಿಯುವ ಮುಂಚೆ ಶುರು ಮಾಡಿ ಏಳು ಗಂಟೆವರೆಗೆ ಓಡಿಸಿದರು. ಬಾವಿ ತುಂಬಾ ಹೊಗೆ. "ಪಾಪ, ದೂರದಿಂದ ಬರ್ತಾರೆ, ಬಂದ ತಕ್ಷಣ ಹೂಳು ಸಿಗ್ಲಿ" ಅಂದರು. ನೀರೆಲ್ಲ ಖಾಲಿಯಾದ ಮೇಲೆ ಎಂಜಿನ್ ಎತ್ತಿ ವಾಪಸ್ಸು ಕಳಿಸಿದರು. ನೀವು ಎಂಟೂವರೆಗೆ ಬಂದಿರಿ. ಹೊಗೆ ಕಣ್ಣಿಗೆ ಕಾಣುತ್ತಿರಲಿಲ್ಲ.

ಒಳ್ಳೆಯದು ಮಾಡಲು ಹೋಗಿ ಮಾಡಿದ್ದು. ಆದರೆ ಹೇಳಲಿಲ್ಲ. ಹೇಳಬೇಕು ಅಂತಲೇ ಅನ್ನಿಸಲಿಲ್ಲ. ನಿನ್ನ ದೀಪ ಉರಿಯಿತು, ಅವರೂ ನಂಬಿದರು, ನಾನೂ ನಂಬಿದೆ. ಅತೀಕ್‌ಗೆ ನಾನು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟಿದ್ದೆ. ಅರ್ಧ ತಿಂದು "ಮುಚ್ಚಿಡಿ ರತ್ನಕ್ಕ, ಮೇಲೆ ಬಂದು ತಿಂತೀನಿ" ಅಂದ.

ಅವನ ದನಿ ನಿಂತ ಕೂಡಲೇ ನಮ್ಮವರಿಗೆ ಗೊತ್ತಾಯಿತು. ಅದಕ್ಕೇ ನಿಮ್ಮ ತಂದೆಯನ್ನು ಅಷ್ಟು ಗಟ್ಟಿಯಾಗಿ ಹಿಡಿದದ್ದು. ಬಿಟ್ಟಿದ್ದರೆ ಎರಡು ಹೆಣ. ಆ ಕೈಗಳನ್ನು ನೀನು ದ್ವೇಷಿಸಿದೆ. ಅವರೂ ದ್ವೇಷಿಸಿದರು ಕಣೇ. ಸಾಯುವವರೆಗೂ ಆ ಕೈಯಲ್ಲಿ ಬಾವಿ ಹಗ್ಗ ಮುಟ್ಟಲಿಲ್ಲ.

ಪೊಲೀಸರು ಬಂದರು, ಕೇಳಿದರು. "ದೀಪ ಇಳಿಸಿ ನೋಡೇ ಇಳಿದ್ರು ಸ್ವಾಮಿ" ಅಂದರು ಯಜಮಾನರು. ಅದು ಸುಳ್ಳಲ್ಲ. ಎಂಜಿನ್ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಂದೀಶ್ ಆಗ ಡಿಗ್ರಿ ಓದುತ್ತಿದ್ದ. ಜೈಲು, ಕೋರ್ಟು ಅಂತ ಹೆದರಿಕೊಂಡೆವು. ಊರಿನವರು "ಆ ಹುಡುಗಿ ದೀಪ ಸರಿಯಾಗಿ ನೋಡ್ಲಿಲ್ವಂತೆ" ಅಂತ ಮಾತಾಡಿಕೊಂಡಾಗಲೂ ಸುಮ್ಮನಿದ್ದೆವು. ನನ್ನ ಬಾಯಿಗೆ ಊರೇ ಹೆದರುತ್ತದೆ, ಆ ಬಾಯಿ ನಿನಗಾಗಿ ಒಂದು ಸಲವೂ ತೆರೆಯಲಿಲ್ಲ.

ಮೊದಲ ಕಾಗದದಲ್ಲಿ ನೀರಿಗಾಗಿ ಕರೆಯುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ. ನೀರಿಗಾಗಿಯೇ ಕರೆದೆ. ಆದರೆ ನಿನ್ನ ಹೆಸರು ಪಟ್ಟಿಯಲ್ಲಿ ಕಂಡ ದಿನವೇ ಇದು ಇಲ್ಲಿಗೆ ಬಂದು ನಿಲ್ಲುತ್ತದೆ ಅಂತ ಗೊತ್ತಿತ್ತು.

ನಿನ್ನ ತಪ್ಪಿಲ್ಲ. ಹತ್ತೊಂಬತ್ತರ ಹುಡುಗಿಗೆ ಹೇಳಬೇಕಾಗಿದ್ದ ಮಾತು ಮೂವತ್ತನಾಲ್ಕರ ಹೆಂಗಸಿಗೆ ಹೇಳುತ್ತಿದ್ದೇನೆ.

ಗಂಗರತ್ನಮ್ಮ

ಲಕ್ಕೂರು
11 ಆಗಸ್ಟ್ 2024

ಗಂಗರತ್ನಮ್ಮನವರಿಗೆ,

ಎರಡು ತಿಂಗಳು ಬರೆಯಲಿಲ್ಲ. ಬೈಯಲು ಕೂತರೆ ಅಳು ಬರುತ್ತಿತ್ತು, ಅಳಲು ಕೂತರೆ ಬೈಗುಳ ಬರುತ್ತಿತ್ತು.

ಮಾಲೂರಿನ ಕಾರ್ಖಾನೆಯೊಂದರಲ್ಲಿ ಮಳೆನೀರಿನ ಸಂಪು ಕಟ್ಟುತ್ತಿದ್ದೇವೆ. ಅಲ್ಲಿ ಕೆಲಸದವರ ಸುರಕ್ಷತೆ ನೋಡಿಕೊಳ್ಳುವವರು ಚನ್ನರಾಯಪ್ಪ ಅಂತ. ಅವರನ್ನು ಕೇಳಿದೆ. ಕೊಳೆತ ಗಾಳಿಗೆ ದೀಪ ಆರುತ್ತದಂತೆ. ಎಂಜಿನ್ ಹೊಗೆಯ ವಿಷಕ್ಕೆ ಆರುವುದಿಲ್ಲವಂತೆ. ಹೊಗೆ ಕಣ್ಣಿಗೆ ಕಾಣದಷ್ಟು ತಿಳಿಯಾದ ಮೇಲೂ ವಿಷ ಬಾವಿಯಲ್ಲಿ ಉಳಿಯುತ್ತದಂತೆ. ನಮ್ಮ ಮುತ್ತಾತನ ಕಾಲದಲ್ಲಿ ಬಾವಿಯೊಳಗೆ ಎಂಜಿನ್ ಇಳಿಸುವವರು ಇರಲಿಲ್ಲ, ಆ ಕಟ್ಟಳೆಗೆ ಈ ವಿಷ ಗೊತ್ತಿರಲಿಲ್ಲ. ನಾನು ಸರಿಯಾಗಿಯೇ ನೋಡಿದ್ದೆ. ಕಾರ್ಖಾನೆಯ ಗೇಟಿನ ಹತ್ತಿರ ಕಲ್ಲಿನ ಮೇಲೆ ಕೂತು ಜನ ನೋಡುವ ಹಾಗೆ ಅತ್ತೆ.

ಮನೆಗೆ ಬಂದು ಅಬ್ಬಾಗೆ ನಿಮ್ಮ ಕಾಗದ ಓದಿ ಹೇಳಿದೆ. ಅಬ್ಬಾ, ನನ್ನ ತಪ್ಪಿರಲಿಲ್ಲ, ನೋಡಿ ಅಂತ ತೋರಿಸುವ ಆಸೆ ನನಗೆ. ಅವರು ಗೋಡೆ ಕಡೆ ತಿರುಗಿ ಮಲಗಿದ್ದರು. ಓದಿ ಮುಗಿಸಿದ ಮೇಲೆ ಹಾಗೇ ಮಲಗಿಕೊಂಡೇ ಹೇಳಿದರು.

"ವಾಸನೆ ನನಗೂ ಬಂದಿತ್ತು ಬೇಟಿ."

ಬಾವಿಕಟ್ಟೆ ಹತ್ತಿದಾಗಲೇ ಡೀಸೆಲ್ ವಾಸನೆ ಬಂದಿತ್ತಂತೆ. ಒಳಗಿನ ಕಲ್ಲಿಗೆ ಹೊಸ ಮಸಿ ಹತ್ತಿದ್ದೂ ಕಂಡಿತಂತೆ. ನಿಮ್ಮ ಯಜಮಾನರು ರಾಮಚಂದ್ರಪ್ಪನವರನ್ನು ಕೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ನಾನು ದೀಪ ಉರೀತೈತೆ ಅಂದೆನಂತೆ. ಉರಿಯುವ ದೀಪದ ಮುಂದೆ ಮೇಸ್ತ್ರಿ ಅನುಮಾನ ಪಟ್ಟರೆ ಜನ ನಗುತ್ತಾರೆ ಅಂತ ಸುಮ್ಮನಾದರಂತೆ.

ಹಾಗಾದರೆ ನನ್ನನ್ನು ಯಾಕೆ ಕೇಳಿದಿರಿ, ದೀಪ ಸರಿಯಾಗಿ ನೋಡಿದ್ಯಾ ಅಂತ?

"ನೀನು ಇಲ್ಲ ಅಬ್ಬಾ ಅಂದ್ರೆ ತಪ್ಪು ನಂದಲ್ಲ ಅಂತಾಗ್ತಿತ್ತು" ಅಂದರು. "ನೀನು ನೋಡ್ದೆ ಅಂದೆ. ಆಮೇಲೆ ಕೇಳೋಕೆ ಏನಿತ್ತು?"

ಅವರಿಗೆ ಗೊತ್ತಿತ್ತು. ಹದಿನೈದು ವರ್ಷ ನನ್ನ ಕೈಯ ಗಂಜಿ ಕುಡಿದುಕೊಂಡು, ನಾನು ಕೊರಗುವುದು ನೋಡಿಕೊಂಡು, ಗೊತ್ತಿದ್ದೂ ಸುಮ್ಮನಿದ್ದರು. ಆ ಸಂಜೆಯೂ ಗಂಜಿ ಕುಡಿಸಿದೆ. ಬಟ್ಟಲು ಓರೆಯಾಗಿ ಅವರ ಅಂಗಿಯ ಮೇಲೆಲ್ಲ ಚೆಲ್ಲಿತು. ಒರೆಸಿದೆ. ಏನು ಮಾಡಲಿ ಹೇಳಿ, ಅವರಿಗೆ ನಾನಲ್ಲದೆ ಯಾರಿದ್ದಾರೆ?

ನಿಮ್ಮ ಮೇಲಿನ ಕೋಪ ಇದೆ. ಅವರ ಮೇಲಿನ ಕೋಪ ಅದಕ್ಕಿಂತ ದೊಡ್ಡದು. ಇಬ್ಬರೂ ದೊಡ್ಡವರು, ನನ್ನ ತಲೆಯ ಮೇಲೆ ಕಲ್ಲಿಟ್ಟು ನಿಮ್ಮ ನಿಮ್ಮ ಮನೆಗೆ ಹೋದಿರಿ.

ಹಜೀರಾ

ಗೌನಿಪಲ್ಲಿ
30 ಆಗಸ್ಟ್ 2024

ಹಜೀರಾ,

ನಾನು ಏನು ಬರೆದರೂ ಅದು ನನ್ನ ಹೊಟ್ಟೆ ತಣ್ಣಗಾಗಲು ಬರೆದ ಹಾಗಾಗುತ್ತದೆ. ಅದಕ್ಕೆ ಎರಡೇ ಮಾತು.

ನಂದೀಶ್‌ಗೆ ಎಲ್ಲ ಹೇಳಿದೆ. ಆಮೇಲೆ ಡೇರಿಯ ಮುಂದೆ, ಹಾಲು ಹಾಕಲು ಬಂದ ಜನರೆಲ್ಲ ಇರುವಾಗ ಹೇಳಿದೆ. ಆ ಹುಡುಗಿ ದೀಪ ಸರಿಯಾಗೇ ನೋಡಿದ್ದಳು, ಎಂಜಿನ್ ಇಳಿಸಿದ್ದು ನಾವು ಅಂತ. ಎಲ್ಲರೂ ಕ್ಯಾನು ತೊಳೆದುಕೊಂಡು ಹೋದರು. ನಂದೀಶ್ ನನ್ನ ಜೊತೆ ಮಾತು ಬಿಟ್ಟಿದ್ದಾನೆ. "ಅಪ್ಪನ ಮಾನ ಬೀದೀಲಿ ಇಟ್ಟೆ" ಅಂದ. ಇರಲಿ ಬಿಡು, ನಿನ್ನ ಮಾನ ಅದೇ ಬೀದಿಯಲ್ಲಿ ಹದಿನೈದು ವರ್ಷ ಬಿದ್ದಿತ್ತು.

ಬಾವಿ ಹಾಗೇ ಇದೆ. ನೀನು ಬಾ ಅಂತ ಕೇಳುವುದಿಲ್ಲ. ಬರುವುದಾದರೆ ನಾನು ಮುಖ ತೋರಿಸುವುದಿಲ್ಲ, ಒಳಗೇ ಇರುತ್ತೇನೆ. ನಿಮ್ಮ ತಂದೆಯನ್ನು ಬೈಯಬೇಡ ಅಂತ ಹೇಳುವ ಯೋಗ್ಯತೆಯೂ ನನಗಿಲ್ಲ.

ಗಂಗರತ್ನಮ್ಮ

ಲಕ್ಕೂರು
27 ಅಕ್ಟೋಬರ್ 2024

ರತ್ನಕ್ಕ,

ಬರುವುದಿಲ್ಲ ಅಂದವಳು ಬಂದು ಮೂರು ದಿನ ನಿಮ್ಮ ತೋಟದಲ್ಲಿ ಇದ್ದೆ, ನೀವು ಮಾತು ಉಳಿಸಿಕೊಂಡಿರಿ. ಕಿಟಕಿಯಲ್ಲಿ ನಿಮ್ಮ ಸೀರೆಯ ಸೆರಗು ಮಾತ್ರ ಕಂಡಿತು. ಮೊದಲ ದಿನ ಅದೇ ಸರಿ ಅನ್ನಿಸಿತು. ಮೂರನೇ ದಿನ, ಹೊರಗೆ ಬಂದರೆ ಬರಲಿ ಅನ್ನಿಸಿತು, ಕರೆಯಲು ಬಾಯಿ ಬರಲಿಲ್ಲ. ಶಿವಾನಿ ಕೈಯಲ್ಲಿ ಕಳಿಸಿದ ಮುದ್ದೆ, ಬಸ್ಸಾರು ಪೂರ್ತಿ ಊಟ ಮಾಡಿದೆವು. ಏನೂ ಉಳಿಸಲಿಲ್ಲ.

ನಿಮ್ಮ ಮಗ ಮೊದಲು ದೂರ ನಿಂತಿದ್ದರು. ಚಪ್ಪಡಿ ಎತ್ತುವಾಗ ತಾವೇ ಬಂದು ಕೈ ಹಾಕಿದರು. ಹೂಳೆಲ್ಲ ಕ್ರೇನಿನ ಬಕೆಟ್ಟಿನಲ್ಲೇ ತೆಗೆದೆವು. ಬಾವಿಗೆ ಒಬ್ಬರನ್ನೂ ಇಳಿಸಲಿಲ್ಲ. ತಳದಲ್ಲಿ ಒಂದಷ್ಟು ಕಸ ಉಳಿದಿದೆ. ಕೆಲಸದವನೊಬ್ಬ "ಇಳ್ದು ತೆಗೀಲಾ ಅಕ್ಕ, ಐದೇ ನಿಮಿಷ" ಅಂದ. ಕಪಾಳಕ್ಕೆ ಹೊಡೆಯುವುದೊಂದು ಬಾಕಿ. ಕಸ ಅಲ್ಲೇ ಇರಲಿ.

ಎರಡನೇ ಸಂಜೆಯ ಮಳೆ ನೀವೂ ನೋಡಿರಬೇಕು. ಮೊದಲ ನೀರು ಕೆಂಪಗೆ ಬಂತು, ಅದನ್ನು ಬಾಳೆಗಿಡದ ಕಡೆ ತಿರುಗಿಸಿದೆವು. ಆಮೇಲೆ ನೀವು ಮೊದಲೇ ಕಟ್ಟಿಸಿಟ್ಟಿದ್ದ ತೊಟ್ಟಿಯಲ್ಲಿ ಸೋಸಿ ತಿಳಿಯಾಗಿ ಬಂದು ಬಾವಿಗೆ ಬಿತ್ತು. ಅಬ್ಬಾ ಹಟ ಮಾಡಿ ನನ್ನ ಜೊತೆ ಬಂದಿದ್ದರಲ್ಲ, ಚಪ್ಪರದ ಕೆಳಗೆ ಕುರ್ಚಿಯಲ್ಲಿ ಕೂತು ಆ ಸದ್ದು ಕೇಳುತ್ತಿದ್ದರು. ಅತ್ತರು. ನಾನು ಹತ್ತಿರ ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಟವಲ್ ತೆಗೆದುಕೊಂಡು ಹೋದೆ.

ಮಳೆಗಾಲ ಮುಗಿದ ಮೇಲೆ ಮರಳು, ಇದ್ದಿಲು ತೆಗೆದು ತೊಳೆಸಿ. ಬಾವಿ ಬಾಯಿಗೆ ಹಾಕಿದ ಕಬ್ಬಿಣದ ಜಾಲರಿಯ ಬೀಗದ ಕೈ ಶಿವಾನಿ ಹತ್ತಿರ ಇದೆ, ಅವಳ ಹತ್ತಿರವೇ ಇರಲಿ. ಅವಳಿಗೆ ಕುಡಿಯಲು ಸದ್ಯಕ್ಕೆ ಮಾಳಿಗೆಯ ನೀರು ಹಿಡಿದು, ಸೋಸಿ, ಕಾಯಿಸಿ ಕೊಡಿ. ಹಲ್ಲಿಗೆ ಹತ್ತಿದ ಗೆರೆ ಹೋಗುವುದಿಲ್ಲ, ಅದನ್ನು ಅವಳಿಗೆ ಈಗಲೇ ಹೇಳಿಬಿಡಿ. ಮುಚ್ಚಿಡಬೇಡಿ. ಎಂಜಿನ್ ಮಾತ್ರ ಯಾವ ಕಾಲಕ್ಕೂ ಆ ಬಾವಿಯೊಳಗೆ ಬೇಡ.

ಕ್ಷಮಿಸಿದ್ದೇನೆ ಅಂತ ಬರೆಯಲು ಕೂತೆ, ಕೈ ಬರಲಿಲ್ಲ. ಬರುವ ದಿನ ಬರೆಯುತ್ತೇನೆ. ಬರದಿದ್ದರೆ ತಪ್ಪು ತಿಳಿಯಬೇಡಿ.

ಕೊನೆಯ ದಿನ ಬೆಳಿಗ್ಗೆ ಸಾಮಾನು ಗಾಡಿಗೆ ಹಾಕುವಾಗ ಅಬ್ಬಾ ಮಂಕರಿ ಕೇಳಿದರು. ದೀಪವನ್ನು ಮನೆಯಿಂದಲೇ ತಂದಿದ್ದರು, ಜೇಬಿನಲ್ಲಿ ಕಾಗದ ಸುತ್ತಿ. ಅವರೇ ಹಚ್ಚಿದರು. ಹಗ್ಗ ನನ್ನ ಕೈಗೆ ಕೊಟ್ಟರು. ಇಳಿಸಿದೆ. ಹದಿನೈದು ವರ್ಷದ ಮೇಲೆ ಮೊದಲ ಸಲ. ಗೋಡೆಗೆ ತಗುಲದ ಹಾಗೆ, ನಿಧಾನವಾಗಿ, ನೀರಿನವರೆಗೆ.

ಅಬ್ಬಾ ಈ ಸಲ ನನ್ನನ್ನು ಏನೂ ಕೇಳಲಿಲ್ಲ. ನನ್ನ ಭುಜ ಹಿಡಿದುಕೊಂಡು ತಾವೇ ಬಗ್ಗಿ ನೋಡಿದರು.

"ಉರೀತೈತೆ" ಅಂದರು.

ನಾನೂ ನೋಡಿದೆ. ಉರಿಯುತ್ತಿತ್ತು, ರತ್ನಕ್ಕ. ಬಹಳ ಹೊತ್ತು ನೋಡಿದೆ. ಇಳಿ ಅಂತ ಯಾರಿಗೂ ಹೇಳಲಿಲ್ಲ.

ನಿಮ್ಮ
ಹಜೀರಾ